ಬ್ಯಾಣದಲ್ಲಿ ಗಿಡ ನೆಟ್ಟರೆ ಕಾರ್ಬನ್ ದುಡ್ಡು ಬರ್ತದಂತೆ, 30 ವರ್ಷದ ಕರಾರಿಗೆ ಸಹಿ ಹಾಕಬಹುದಾ?

ಬ್ಯಾಣದಮನೆ (ಶಿರಸಿ)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ ಹೇಳಿ.

ನಮ್ಮದು ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೊಪ್ಪು ತರೋಕೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟ, ಅದರ ಮೇಲ್ಗಡೆ ಮೂರು ಎಕರೆ ಮಾಲ್ಕಿ (ಸ್ವಂತ ಒಡೆತನದ) ಬ್ಯಾಣ, ಅಂದರೆ ಹುಲ್ಲುಗಾವಲು. ಅಜ್ಜನ ಕಾಲದಲ್ಲಿ ಕೊಟ್ಟಿಗೆ ತುಂಬ ದನ ಇದ್ದವು, ಬ್ಯಾಣದ ಕರಡ (ಒಣಹುಲ್ಲು) ಕೊಯ್ದು ಅಟ್ಟ ತುಂಬಿಸ್ತಿದ್ದರು. ಈಗ ಇರೋದು ಎರಡೇ ಆಕಳು. ಕರಡ ಕೊಯ್ಯುವವರಿಲ್ಲ, ಬ್ಯಾಣ ಸುಮ್ಮನೆ ಬಿದ್ದಿದೆ.

ಹೋದ ವಾರ ಒಂದು ಕಂಪನಿ ಕಡೆಯಿಂದ ಇಬ್ಬರು ಬಂದಿದ್ದರು. ಗಿಡ ಅವರೇ ಕೊಡ್ತಾರೆ, ಗುಂಡಿಯ ಖರ್ಚೂ ಅವರದ್ದೇ. ಐದು ವರ್ಷ ಆದಮೇಲೆ ಮರ ಅಳೆದು, ಅದು ಹೀರಿದ ಇಂಗಾಲದ ಲೆಕ್ಕದಲ್ಲಿ ವರ್ಷ ವರ್ಷ ದುಡ್ಡು ಕೊಡ್ತಾರಂತೆ. ಆ ಲೆಕ್ಕವನ್ನು ಹೊರಗಿನ ಕಾರ್ಖಾನೆಗಳು ಕೊಂಡುಕೊಳ್ತವಂತೆ. 30 ವರ್ಷ ನಾವು ಒಂದು ಮರವನ್ನೂ ಕಡಿಯೋ ಹಾಗಿಲ್ಲ. ಕರಾರು ಪತ್ರ ಇಪ್ಪತ್ತೆರಡು ಪುಟ, ಪೂರ್ತಿ ಇಂಗ್ಲಿಷ್. ಅಪ್ಪಯ್ಯ ಬೇಡ ಅಂತಿದ್ದಾರೆ, ಬೆಂಗಳೂರಲ್ಲಿರೋ ತಂಗಿ ಮಾಡು ಅಂತಿದ್ದಾಳೆ. ಆಚೆ ಕೇರಿಯಲ್ಲಿ ಇಬ್ಬರು ಸಹಿ ಮಾಡಿಯೂ ಆಗಿದೆ.

ನನಗೆ ದುಡ್ಡಿನದೊಂದೇ ಪ್ರಶ್ನೆ ಅಲ್ಲ. ಈಚೆಗೆ ಮಳೆಗೆ ಹೊತ್ತು ಗೊತ್ತು ಇಲ್ಲದ ಹಾಗಾಗಿದೆ. ಈ ಸಲ ಮೂರನೇ ಸಲ ಔಷಧಿ ಹೊಡೆದರೂ ಅಡಿಕೆಯ ಕೊಳೆರೋಗ ನಿಲ್ಲಲಿಲ್ಲ, ಕೊಟ್ಟೆ (ಮಳೆ ತಾಗದ ಹಾಗೆ ಹೊದಿಕೆ) ಕಟ್ಟಿದ ಗೊನೆಯಲ್ಲೂ ಕಾಯಿ ಉದುರಿತು. ನಮ್ಮ ಬ್ಯಾಣದಲ್ಲಿ ಮರ ಬೆಳೆಸಿದರೆ ನಿಜವಾಗಿ ಏನಾದರೂ ಉಪಯೋಗ ಆಗ್ತದಾ? ಆಗೋದಾದರೆ ದುಡ್ಡು ಕಮ್ಮಿ ಬಂದರೂ ಮಾಡಬೇಕು ಅಂತ ಮನಸ್ಸಿದೆ.

ಹೊಳೆಮತ್ತಿ
ಸಹಿ ಆಮೇಲೆ. ಮೊದಲು ಯಾವ ಗಿಡ ಅಂತ ಕೇಳಿದ್ರಾ?

ಬ್ಯಾಣದಮನೆ
ಕೇಳಿದೆ. ಹೆಚ್ಚಿನದು ಅಕೇಶಿಯಾ, ಅಂಚಿಗೆ ಸಾಗವಾನಿ. ಮತ್ತಿ, ಹೊನ್ನೆ, ಹಲಸು ಕೊಡಿ ಅಂದಿದ್ದಕ್ಕೆ "ಅದು ನಿಧಾನ, ಲೆಕ್ಕಕ್ಕೆ ಬರೋದಿಲ್ಲ" ಅಂದರು.

ಹೊಳೆಮತ್ತಿ
ಹಾಗಾದರೆ ನನ್ನ ಉತ್ತರ ಬೇಡ ಅಂತ.

ತಟ್ಟೀಸರ ದಾರಿ
ನಮ್ಮ ಊರ ಗುಡ್ಡದಲ್ಲಿ ಅಕೇಶಿಯಾ ಬಂದು ಮೂವತ್ತು ವರ್ಷದ ಮೇಲಾಯ್ತು. ನಾನು ಶಾಲೆಗೆ ಹೋಗುವಾಗ ಅಲ್ಲಿ ಬರೀ ಹುಲ್ಲು, ನಡುನಡುವೆ ಕವಳಿ ಮಟ್ಟಿ, ನೇರಳೆ, ಕಣಗಲ. ಬೇಸಿಗೆ ರಜೆಯಲ್ಲಿ ಕವಳಿಕಾಯಿ ಕೊಯ್ಯೋದೇ ನಮ್ಮ ಕೆಲಸ. ಅದನ್ನೆಲ್ಲ ಸವರಿ, ಸಾಲು ಹಿಡಿದು ಅಕೇಶಿಯಾ ನೆಟ್ಟರು. ನಾಲ್ಕೇ ವರ್ಷದಲ್ಲಿ ಗುಡ್ಡ ಹಸಿರಾಯ್ತು, ನಾವೂ ಖುಷಿಪಟ್ಟಿದ್ದೇ. ಆಮೇಲೆ ಗೊತ್ತಾಯ್ತು. ದನ ಆ ಸೊಪ್ಪಿಗೆ ಬಾಯಿ ಹಾಕೋದಿಲ್ಲ. ದರಕು (ಉದುರಿದ ಒಣ ಎಲೆ) ತಂದು ಕೊಟ್ಟಿಗೆಗೆ ಹಾಸಿದರೆ ವರ್ಷ ಕಳೆದರೂ ಗೊಬ್ಬರ ಆಗೋದಿಲ್ಲ, ಚಕ್ಕೆ ಚಕ್ಕೆಯಾಗಿ ಹಾಗೇ ಉಳೀತದೆ. ಬೇಸಿಗೆಯಲ್ಲಿ ಆ ದರಕಿಗೆ ಒಂದು ಬೀಡಿ ತುಂಡು ಸಾಕು. ಎರಡು ಸಲ ಬೆಂಕಿ ಬಿದ್ದು ಊರಿನವರೆಲ್ಲ ಹಸಿ ಸೊಪ್ಪಿನ ಹೊರೆ ಹಿಡಿದು ಬಡಿದು ಆರಿಸಿದ್ದೇವೆ.

ಕೊನೆಗೆ ಕಡಿದು ಲಾರಿ ತುಂಬಿ ಕಾಗದದ ಕಾರ್ಖಾನೆಗೆ ಕಳಿಸಿದರು. ಹೀರಿದ ಇಂಗಾಲ ಕಾಗದ ಆಯ್ತು, ಕಾಗದ ಕಸ ಆಯ್ತು, ಕಸ ಸುಟ್ಟು ಹೊಗೆ ಆಯ್ತು. ಗಾಳಿಯಿಂದ ಬಂದದ್ದು ಗಾಳಿಗೇ ಹೋಯ್ತು. ಇದನ್ನ ಹವಾಮಾನಕ್ಕೆ ಮಾಡಿದ ಉಪಕಾರ ಅಂತ ಹೇಗೆ ಒಪ್ಪೋದು?

ಬೆಂಗಳೂರು-ಸೋಂದಾ
ಎಲ್ಲದಕ್ಕೂ ಬೇಡ ಬೇಡ ಅಂದರೆ ಹೇಗೆ? ಪ್ಯಾರಿಸ್ ಒಪ್ಪಂದದಲ್ಲಿ ನಮ್ಮ ದೇಶ 2030ರೊಳಗೆ ಹೆಚ್ಚುವರಿ ಕಾಡು, ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿಸ್ತೇವೆ ಅಂತ ಮಾತು ಕೊಟ್ಟಿದೆ. ಅದು ಎಲ್ಲಿ ಆಗಬೇಕು? ವೈಟ್‌ಫೀಲ್ಡ್‌ನಲ್ಲಂತೂ ಜಾಗ ಇಲ್ಲ. ಬ್ಯಾಣ ಖಾಲಿ ಇದೆ, ಬೆಳೆಸಿದರೆ ನೆರಳಾದರೂ ಬರ್ತದೆ, ರೈತನ ಕೈಗೆ ನಾಲ್ಕು ಕಾಸು ಬರ್ತದೆ. ಯಂತ್ರದಲ್ಲಿ ಗಾಳಿಯಿಂದ ಇಂಗಾಲ ತೆಗೆಯೋದಕ್ಕೆ ಹೋಲಿಸಿದರೆ ಮರ ತುಂಬಾ ಅಗ್ಗ. ಅದೂ ಸತ್ಯ ತಾನೇ?

ದರಕು ಗೋಟು
ಖಾಲಿ ಅಂತ ಯಾರು ಹೇಳಿದ್ದು? ಬ್ಯಾಣದಲ್ಲಿ ಮೊಲ ಇದೆ, ನವಿಲಿದೆ, ಮಳೆಗಾಲದಲ್ಲಿ ಅಣಬೆ ಏಳ್ತದೆ. ಹುಲ್ಲಿನ ಬೇರಲ್ಲೂ ಇಂಗಾಲ ಇದೆ. ಮರ ಇಲ್ಲದ್ದೆಲ್ಲ ಪಾಳು ಅನ್ನೋದು ಬ್ರಿಟಿಷರ ಕಂದಾಯದ ಕಣ್ಣು, ನಮ್ಮದಲ್ಲ.

ಗಿರ್ತಿ ಟೇಪು
ನಾನು ಶಿರಸಿ ಅರಣ್ಯ ಕಾಲೇಜಿನಲ್ಲಿ ಓದಿದವನು. ಮರದ ಸುತ್ತಳತೆ ಅಳೆದು ತೂಕ ಲೆಕ್ಕ ಹಾಕೋ ಕೆಲಸವನ್ನೇ ಮೂರು ವರ್ಷ ಮಾಡಿದ್ದೇನೆ. ಲೆಕ್ಕ ಸರಳ, ಇಲ್ಲೇ ಹಾಕೋಣ.

ಒಂದು ಟನ್ ತೂಗುವ ಹಸಿ ಮರ ಇದೆ ಅಂದ್ಕೊಳ್ಳಿ. ಹೆಚ್ಚು ಕಮ್ಮಿ ಅರ್ಧ ನೀರು. ಒಣಗಿಸಿದರೆ 500 ಕಿಲೋ. ಒಣ ಕಟ್ಟಿಗೆಯಲ್ಲಿ ಸುಮಾರು ಅರ್ಧ ಇಂಗಾಲ, ಅಂದರೆ 250 ಕಿಲೋ. ಇಂಗಾಲವನ್ನ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತರೋಕೆ 3.67ರಿಂದ ಗುಣಿಸಬೇಕು. ಸುಮಾರು 900 ಕಿಲೋ ಆಯ್ತು. ಈಗ ಈ ಕಡೆ ನೋಡಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ನನ್ನ ಬೈಕಿಗೆ ತಿಂಗಳಿಗೆ 30 ಲೀಟರ್ ಬೇಕು. ವರ್ಷಕ್ಕೆ 830 ಕಿಲೋ. ಒಂದು ಟನ್ ಮರ ಇಷ್ಟು ವರ್ಷ ನಿಂತು ಕೂಡಿಟ್ಟದ್ದು, ಒಂದು ಬೈಕು ಒಂದು ವರ್ಷದಲ್ಲಿ ಬಿಟ್ಟ ಹೊಗೆಗೆ ಸಮ.

ಮರ ಬೇಡ ಅಂತ ಹೇಳೋಕೆ ಇದನ್ನ ಹೇಳ್ತಿಲ್ಲ. ನೆಲದಡಿ ಕೋಟ್ಯಂತರ ವರ್ಷ ಮಲಗಿದ್ದ ಎಣ್ಣೆ, ಕಲ್ಲಿದ್ದಲನ್ನ ತೆಗೆದು ಸುಟ್ಟು, ಅದನ್ನ ಮರದ ಮೇಲೆ ಹೊರಿಸ್ತೇವೆ ಅಂದರೆ ಮರಕ್ಕೆ ಅಷ್ಟು ಶಕ್ತಿ ಇಲ್ಲ. ಮರಕ್ಕೆ ಆಯುಷ್ಯ ಇದೆ, ಬೆಂಕಿ ಇದೆ, ಗಾಳಿ ಇದೆ, ಕೊಡಲಿ ಇದೆ. ಹೊಗೆ ಕಮ್ಮಿ ಮಾಡೋದರ ಜೊತೆಗೆ ಮರ ಬೇಕು. ಹೊಗೆ ಬಿಡೋಕೆ ಪರವಾನಗಿಯಾಗಿ ಮರ ಬೇಡ.

ಬೆಂಗಳೂರು-ಸೋಂದಾ
ಲೆಕ್ಕ ಒಪ್ಪಿದೆ. ಆದರೆ ಕಾಡಿನಿಂದ ಇಂಗಾಲ ಒಂದೇ ಅಲ್ಲವಲ್ಲ ಸಿಗೋದು.

ಗಿರ್ತಿ ಟೇಪು
ಖಂಡಿತ. ಇನ್ನೊಂದು ವಿಷಯ ಸೇರಿಸ್ತೇನೆ. ಹಿಮ ಬೀಳುವ ಉತ್ತರದ ದೇಶಗಳಲ್ಲಿ ದಟ್ಟ ಮರ ನೆಟ್ಟರೆ ಬಿಳಿ ಹಿಮ ಮುಚ್ಚಿಹೋಗಿ ನೆಲ ಹೆಚ್ಚು ಬಿಸಿಲು ಹೀರ್ತದೆ. ಅಲ್ಲಿ ಮರದಿಂದ ಬಂದ ಲಾಭದಲ್ಲಿ ಒಂದು ಪಾಲು ಹೀಗೇ ಹೋಗ್ತದೆ. ನಮ್ಮಂಥ ಉಷ್ಣವಲಯದಲ್ಲಿ ಹಾಗಲ್ಲ. ಎಲೆಯಿಂದ ನೀರು ಆವಿಯಾಗಿ ತಂಪು ಮಾಡ್ತದೆ, ಮೋಡಕ್ಕೂ ಸೇರ್ತದೆ. ಭೂಮಿಯ ಮೇಲೆ ಕಾಡು ಎಲ್ಲಿ ಇರಬೇಕು ಅಂತ ಕೇಳಿದರೆ, ಘಟ್ಟದ ಕಾಡು ಮೊದಲ ಸಾಲಿನಲ್ಲಿ ಬರ್ತದೆ.

ಕಾಂಡ್ಲಾ ಬುಡ (ಕುಮಟಾ)
ನಾನು ಅಘನಾಶಿನಿ ದಂಡೆಯವಳು. ಘಟ್ಟದ ಮೇಲಿನವರದ್ದು ಬ್ಯಾಣ, ನಮ್ಮದು ಹೊಳೆ.

ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಅಂದರೆ ನಮಗೂ ಪ್ರೀತಿ. ಅದರ ಬುಡದಲ್ಲಿ ಮೀನು ಮರಿ ಹಾಕ್ತದೆ, ಸಿಗಡಿ ಬೆಳೀತದೆ, ಗಜನಿಯ (ಹೊಳೆ ದಂಡೆಯ ಉಪ್ಪುನೀರಿನ ಗದ್ದೆಯ) ಕಟ್ಟಿಗೆ ಅಲೆ ಬಡಿಯೋದು ತಡೀತದೆ. ಅದರ ಕೆಸರಲ್ಲಿ ಗಾಳಿ ಆಡೋದಿಲ್ಲ, ಹಾಗಾಗಿ ಬಿದ್ದ ಎಲೆ, ಬೇರು ಬೇಗ ಕೊಳೆಯೋದಿಲ್ಲ, ಮರಕ್ಕಿಂತ ಕೆಸರಲ್ಲೇ ಹೆಚ್ಚು ಇಂಗಾಲ ಉಳೀತದೆ ಅಂತ ತರಬೇತಿಯಲ್ಲಿ ಹೇಳಿದ್ದರು. 2024ರಲ್ಲಿ ನಮ್ಮ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಜಾಗಗಳ ರಾಮ್ಸಾರ್ ಪಟ್ಟಿಗೂ ಸೇರಿತು, 4801 ಹೆಕ್ಟೇರ್.

ಆದರೆ ಎಲ್ಲಾ ಕಡೆ ಕಾಂಡ್ಲಾ ನೆಡ್ತೇವೆ ಅಂತ ಬಂದರೆ ನಮ್ಮ ಹೊಟ್ಟೆಗೆ ಕಲ್ಲು. ಇಳಿತದಲ್ಲಿ ಬಯಲಾಗೋ ಕೆಸರಿನ ದಿಬ್ಬದಲ್ಲೇ ಬೆಳಚು (ಚಿಪ್ಪುಮೀನು) ಸಿಗೋದು. ನನ್ನ ತಾಯಿ, ನಾನು, ನನ್ನ ಅತ್ತಿಗೆ ಮೂವರೂ ಅದನ್ನೇ ಕೆದಕಿ ಬುಟ್ಟಿ ತುಂಬಿ ಮಾರಿ ಮನೆ ನಡೆಸಿದವರು. ನಮ್ಮ ಕೇರಿ ಎದುರು ಒಂದು ದಿಬ್ಬಕ್ಕೆ ಸಾಲಾಗಿ ಒಂದೇ ಜಾತಿಯ ಕಾಂಡ್ಲಾ ಕೋಡು (ಉದ್ದನೆಯ ಮೊಳಕೆ) ಚುಚ್ಚಿ ಹೋದರು. ಅಲ್ಲಿ ಹೂಳು ನಿಂತು ಬೆಳಚು ಹೋಯ್ತು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಎಲ್ಲಿ ನೆಟ್ಟರೆ ಯಾರಿಗೂ ತೊಂದರೆ ಇಲ್ಲ ಅಂತ ನಾವೇ ಕೈ ಹಿಡಿದು ತೋರಿಸ್ತಿದ್ದೆವು. ಒಡೆದ ಗಜನಿ ಕಟ್ಟಿನ ಬದಿಗೆ ನೆಡಬಹುದು. ಹೊಳೆ ಕೊರೆಯೋ ದಂಡೆಗೆ ನೆಡಬಹುದು.

ಕೋಡಿಬಾಗದವ (ಕಾರವಾರ)
ಅಕ್ಕ ಹೇಳಿದ್ದು ನೂರಕ್ಕೆ ನೂರು. ಕಾಳಿ ಹೊಳೆಯಲ್ಲೂ ಇದೇ ಕಥೆ. ಖುಬೆ (ಚಿಪ್ಪುಮೀನು) ಸಿಗೋ ಜಾಗ ಹೊಳೆಗೆ ಇಳಿಯೋ ಹೆಂಗಸರಿಗೆ ಮಾತ್ರ ಗೊತ್ತು, ನಕ್ಷೆಯಲ್ಲಿ ಇರೋದಿಲ್ಲ.

ಹಾಡಿ ಮೂಲೆ
ಕಗ್ಗದ ಭತ್ತ ಯಾರಾದರೂ ಇನ್ನೂ ಬೆಳೀತಾರಾ? ಬೀಜ ಬೇಕಿತ್ತು.

ಕಾಂಡ್ಲಾ ಬುಡ (ಕುಮಟಾ)
ಬೆಳೀತಾರೆ, ಕಮ್ಮಿ. ಉಪ್ಪುನೀರಲ್ಲೂ ನಿಲ್ಲೋ ಭತ್ತ ಅದು. ಮಾಣಿಕಟ್ಟಾ ಕಡೆ ವಿಚಾರಿಸಿ.

ಅಪ್ಪೆಮಿಡಿ
ಮರ ನೆಡೋದು ಆಯ್ತು, ಮಂಗನ ಕಾಟಕ್ಕೆ ಯಾರಾದರೂ ಉಪಾಯ ಹೇಳಿ. ಏಲಕ್ಕಿ, ಬಾಳೆ ಎಲ್ಲ ಮುಗೀತು. ಕಾಡು ಹೆಚ್ಚಿಸಿ ಅಂತ ಹೇಳುವವರು ಕಾಡಿನ ಪಕ್ಕ ಇರುವವರ ನಷ್ಟವನ್ನೂ ಖರ್ಚಿನ ಬದಿಗೆ ಬರೀಬೇಕು.

ತಟ್ಟೀಸರ ದಾರಿ
ಕಾಡಿನಲ್ಲಿ ತಿನ್ನೋಕೆ ಹಣ್ಣಿದ್ದರೆ ಮಂಗ ತೋಟಕ್ಕೆ ಯಾಕೆ ಬರ್ತದೆ? ಅಕೇಶಿಯಾದಲ್ಲಿ ಮಂಗ ಎಂತ ತಿಂಬದು?

ಅಪ್ಪೆಮಿಡಿ
ಹಣ್ಣಿದ್ದರೂ ಬರ್ತದೆ ಮಾರಾಯ. ನಮ್ಮ ಹಿಂದೆ ಕಾನೇ (ದಟ್ಟ ಕಾಡು) ಇದೆ.

ಹಳೆ ಕೊಡಲಿ (ಶಿರಸಿ)
ತಮಾ, ನನಗೆ ಎಪ್ಪತ್ತು ದಾಟಿದೆ. ಮೊಮ್ಮಗಳ ಹತ್ತಿರ ಟೈಪ್ ಮಾಡಿಸ್ತಾ ಇದ್ದೇನೆ.

1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಕಡೆಯ ಕಾಡಿಗೆ ಹೋಗಿ, ಕಡಿಯೋದನ್ನ ತಡೆಯೋಕೆ ಮರ ಅಪ್ಪಿಕೊಂಡವರಲ್ಲಿ ನಾನೂ ಇದ್ದೆ. ಜಡಿಮಳೆ. ಕಾಲಿಗೆ ಉಂಬಳ (ಜಿಗಣೆ). ಕೊಡಲಿ ಹಿಡಿದು ಬಂದವರು ನಮ್ಮ ಹಾಗೇ ಬಡವರು, ದೂರದ ಊರಿಂದ ಕೂಲಿಗೆ ಬಂದವರು. ಅವರ ಮೇಲೆ ನಮಗೆ ಸಿಟ್ಟಿರಲಿಲ್ಲ. ಮರ ಅಪ್ಪಿದಾಗ ಮೈಗೆ ಪಾಚಿ ಅಂಟ್ತಿತ್ತು, ತೊಗಟೆಯ ತಂಪು ಎದೆಗೆ ತಾಗ್ತಿತ್ತು. ಆಗ ಯಾರೂ ಕಾರ್ಬನ್ ಅಂತ ಹೇಳಲಿಲ್ಲ. ನಾವು ಹೋಗಿದ್ದು ನೀರಿಗೆ. ಮೇಲಿನ ಕಾಡು ಕಡಿದ ವರ್ಷದಿಂದ ನಮ್ಮ ತೋಟದ ಅಬ್ಬಿ (ನೀರಿನ ಒರತೆ) ಮಾರ್ಚ್‌ಗೇ ಬತ್ತುತ್ತಿತ್ತು. ಅಷ್ಟೇ ನಮಗೆ ಗೊತ್ತಿದ್ದದ್ದು.

ನನಗೆ ಈಗ ತಲೆಗೆ ಹೋಗದ ಒಂದು ವಿಷಯ ಕೇಳ್ತೇನೆ. ನಾವು ಉಳಿಸಿದ ಆ ಮರಗಳಿಗೆ ಈ ಕಂಪನಿಯವರು ಎಷ್ಟು ಕೊಡ್ತಾರೆ?

ಗಿರ್ತಿ ಟೇಪು
ಅಜ್ಜಾ, ಸಾಮಾನ್ಯವಾಗಿ ಏನೂ ಇಲ್ಲ. ಈ ವ್ಯವಹಾರದಲ್ಲಿ "ಹೆಚ್ಚುವರಿ" ಅಂತ ಒಂದು ಷರತ್ತಿದೆ. ಯೋಜನೆ ಇಲ್ಲದಿದ್ದರೂ ಮರ ಇರ್ತಿತ್ತು ಅಂತಾದರೆ ಅದಕ್ಕೆ ದುಡ್ಡಿಲ್ಲ. ನಿಮ್ಮ ಕಾಡು ಮೊದಲೇ ನಿಂತಿದೆ, ಯಾರೂ ಕಡಿಯೋಕೆ ಬರ್ತಿಲ್ಲ, ಹಾಗಾಗಿ ಲೆಕ್ಕದಲ್ಲಿ ಇಲ್ಲ. ಕಡಿಯೋ ಅಪಾಯ ಇದೆ ಅಂತ ತೋರಿಸಿದರೆ ಮಾತ್ರ ನಿಂತ ಕಾಡಿಗೂ ಒಂದು ದಾರಿ ಇದೆ. ಅಪಾಯವನ್ನ ದೊಡ್ಡದು ಮಾಡಿ ತೋರಿಸೋ ಗೋಲ್ಮಾಲು ಶುರುವಾಗೋದೂ ಅಲ್ಲೇ.

ಹಳೆ ಕೊಡಲಿ (ಶಿರಸಿ)
ಅಂದರೆ ಕಡಿದು ಮತ್ತೆ ನೆಟ್ಟವನಿಗೆ ದುಡ್ಡು, ಕಡಿಯದೇ ಕಾದವನಿಗೆ ಏನೂ ಇಲ್ಲ. ಇದು ನ್ಯಾಯ ಅಲ್ಲ. ಇದನ್ನ ನಾನು ಒಪ್ಪೋದಿಲ್ಲ.

ದರಕು ಗೋಟು
ಇಡೀ ಚರ್ಚೆಯಲ್ಲಿ ಮುಖ್ಯ ಮಾತು ಇದೇ. ಉತ್ತರ ಕನ್ನಡದ 10,291 ಚದರ ಕಿಲೋಮೀಟರ್‌ನಲ್ಲಿ ಬಹುಪಾಲು ಕಾಡು. ಕಾಳಿಗೆ ಅಣೆಕಟ್ಟು ಕಟ್ಟಿದಾಗ ಕಾಡು ಮುಳುಗಿತು, ಕೈಗಾಕ್ಕೆ, ನೌಕಾನೆಲೆಗೆ ಜಾಗ ಹೋಯ್ತು. ರಾಜ್ಯಕ್ಕೆ ಕರೆಂಟು ಕೊಟ್ಟಿದ್ದು ನಾವು, ಕಾಡು ಉಳಿಸಿಕೊಂಡಿದ್ದೂ ನಾವು. ಗಾಳಿ ಶುದ್ಧ ಮಾಡಿದ ಲೆಕ್ಕ ಬಂದಾಗ ಮಾತ್ರ ಇದು ಮೊದಲೇ ಇತ್ತು, ಲೆಕ್ಕಕ್ಕಿಲ್ಲ ಅಂತಾರೆ.

ಬೆಂಗಳೂರು-ಸೋಂದಾ
ಈಗ ಶರಾವತಿ ಕಣಿವೆಯಲ್ಲಿ ನೀರು ಮೇಲೆತ್ತಿ ವಿದ್ಯುತ್ ಕೂಡಿಡೋ 2000 ಮೆಗಾವಾಟ್ ಯೋಜನೆಯನ್ನೂ ಹವಾಮಾನದ ಹೆಸರಲ್ಲೇ ತರ್ತಿದ್ದಾರೆ. ಸೌರ, ಗಾಳಿ ವಿದ್ಯುತ್ ಹೆಚ್ಚಾದರೆ ಕೂಡಿಡೋ ವ್ಯವಸ್ಥೆ ಬೇಕೇ ಬೇಕು, ಅದು ನನಗೆ ಅರ್ಥ ಆಗ್ತದೆ. ಆದರೆ ಸಿಂಗಳೀಕದ ಕಾಡಿನೊಳಗೇ ಆಗಬೇಕಾ? ಇದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ಹೊಳೆಮತ್ತಿ
ಅದಕ್ಕೆ ಬೇರೆ ಎಳೆ ತೆಗೀರಿ, ಅದೇ ಐನೂರು ಮಾತಾಗ್ತದೆ.

ಮೂರು ಗುಂಟೆ (ಅಂಕೋಲಾ)
ನೀವೆಲ್ಲ ತೋಟ, ಬೆಟ್ಟ, ಮಾಲ್ಕಿ ಬ್ಯಾಣ ಇದ್ದವರು ಮಾತಾಡ್ತಿದ್ದೀರಿ. ನಮ್ಮ ಮನೆ ಇರೋದೇ ಅರಣ್ಯ ಜಾಗದಲ್ಲಿ. ಅಜ್ಜ ಕಟ್ಟಿದ ಮನೆ, ಅಜ್ಜಿ ನೆಟ್ಟ ತೆಂಗು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅರ್ಜಿ ಹಾಕಿದೆವು. ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರಿನ, 75 ವರ್ಷದ ವಾಸದ ದಾಖಲೆ ಬೇಕು. ಓದು ಬಾರದ ಅಜ್ಜ ಯಾವ ಕಾಗದ ಇಟ್ಟಿರ್ತಾರೆ?

ಒಂದು ಮಳೆಗಾಲ ಗಿಡ ನೆಡೋಕೆ ಅಂತ ಬಂದು, ನಾವು ಶೇಂಗಾ ಹಾಕ್ತಿದ್ದ ಜಾಗದಲ್ಲೇ ಗುಂಡಿ ತೆಗೆದರು. ಅವ್ವ ಗುಂಡಿಯೊಳಗೆ ಇಳಿದು ಕೂತಳು. ಸಂಜೆವರೆಗೂ ಏಳಲಿಲ್ಲ. ಗಿಡಕ್ಕೆ ಬೆಲೆ ಬಂದ ದಿನ ನಮ್ಮಂಥವರ ಜಾಗಕ್ಕೆ ಕಣ್ಣು ಬೀಳ್ತದೆ. ಕಾಡಿನ ಖರ್ಚು ಅಂತ ಬರೆಯುವಾಗ ದಯವಿಟ್ಟು ಇದನ್ನೂ ಬರೀರಿ.

ಬ್ಯಾಣದಮನೆ
ಬರೀಬೇಕು. ನಾನು ಈ ದಿಕ್ಕಿನಲ್ಲಿ ಯೋಚನೆಯೇ ಮಾಡಿರಲಿಲ್ಲ. ಹೇಳಿದ್ದಕ್ಕೆ ಉಪಕಾರ ಆಯ್ತು.

ಪಹಣಿ ಪುಸ್ತಕ
ಒಂದು ಕಾನೂನಿನ ಮಾತು. ಬ್ಯಾಣದಮನೆಯವರೇ, ಕರಾರಿನಲ್ಲಿ ಬೆಟ್ಟವನ್ನೂ ಸೇರಿಸಿದ್ದಾರಾ ನೋಡಿ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲಿ ಬಿಟ್ಟುಕೊಟ್ಟದ್ದು ಸೊಪ್ಪು, ದರಕು, ಕರಡದ ಸವಲತ್ತು ಮಾತ್ರ. ನೆಲದ ಒಡೆತನ ಸರ್ಕಾರದ್ದು. ಅದರ ಮೇಲಿನ ಮರದ ಇಂಗಾಲವನ್ನ ನೀವು ಮಾರೋಕೆ ಬರೋದಿಲ್ಲ. ಸಹಿ ಮಾಡಿದರೆ ನಾಳೆ ತಕರಾರು ನಿಮ್ಮ ತಲೆಗೆ.

ಮಾಲ್ಕಿ ಬ್ಯಾಣಕ್ಕೂ ಇಷ್ಟು ಕೇಳಿ: 30 ವರ್ಷದೊಳಗೆ ಮನೆ ಹಿಸೆ (ಆಸ್ತಿ ಪಾಲು) ಆದರೆ ಏನು? ಬೆಂಕಿ ಬಿದ್ದು ಮರ ಸತ್ತರೆ ಪಡೆದ ದುಡ್ಡು ವಾಪಸ್ಸಾ? ಕಂಪನಿ ಬಾಗಿಲು ಹಾಕಿದರೆ ಕರಾರು ಬಿದ್ದುಹೋಗ್ತದಾ, ಅಥವಾ ಇನ್ನೊಬ್ಬರಿಗೆ ಮಾರಾಟ ಆಗ್ತದಾ? ಪತ್ರ ಕನ್ನಡದಲ್ಲಿ ಕೊಡಲಿ. ಕೊಡೋದಿಲ್ಲ ಅಂದರೆ ಅಲ್ಲಿಗೇ ಕೈ ಮುಗೀರಿ.

ಬ್ಯಾಣದಮನೆ
ಈಗ ತೆಗೆದು ನೋಡಿದೆ. ಸರ್ವೆ ನಂಬರ್ ಪಟ್ಟಿಯಲ್ಲಿ ಬೆಟ್ಟವೂ ಇದೆ! ಒಂಬತ್ತನೇ ಪುಟ. ಅವರು ಬಾಯಲ್ಲಿ ಹೇಳಿರಲಿಲ್ಲ.

ಪಹಣಿ ಪುಸ್ತಕ
ಸಹಿ ಮಾಡಿದ ಆ ಇಬ್ಬರಿಗೂ ಇವತ್ತೇ ತಿಳಿಸಿ.

ಘಟ್ಟದ ಬಸ್ಸು (ಯಲ್ಲಾಪುರ)
ಮರ ಇದ್ದರೆ ಗುಡ್ಡ ಕುಸಿಯೋದಿಲ್ಲ ಅಂತ ಕರಪತ್ರದಲ್ಲಿ ಬರೀತಾರೆ. 2021ರ ಜುಲೈನಲ್ಲಿ ಕಳಚೆಯಲ್ಲಿ ಮರ, ತೋಟ, ಮನೆ ಎಲ್ಲ ಒಟ್ಟಿಗೆ ಜಾರಿ ಬಂತು. ಬೋಳು ಗುಡ್ಡ ಆಗಿರಲಿಲ್ಲ ಅದು.

ಮೂರು ಗುಂಟೆ (ಅಂಕೋಲಾ)
2024ರ ಜುಲೈ 16ರ ಶಿರೂರು ಗುಡ್ಡ ಕುಸಿತ ನಮ್ಮ ತಾಲೂಕಿನದ್ದೇ. ಬುಡ ಕಡಿದು ಹೆದ್ದಾರಿ ಮಾಡಿದ ಗುಡ್ಡ. ಮೇಲೆ ಹಸಿರಿತ್ತು.

ಗಿರ್ತಿ ಟೇಪು
ಬೇರು ಹಿಡಿಯೋದು ಮೇಲಿನ ಕೆಲವು ಅಡಿ ಮಣ್ಣನ್ನ. ಆಳದಲ್ಲಿ ನೀರು ತುಂಬಿ, ಬುಡವನ್ನೂ ಕಡಿದಿದ್ದರೆ ಮರ ತಡೆಯೋದಿಲ್ಲ. ಸಣ್ಣಪುಟ್ಟ ಕುಸಿತ, ಮಣ್ಣು ತೊಳೆದು ಹೋಗೋದನ್ನ ತಡೀತದೆ, ಅಷ್ಟು ನಿಜ. ಹೆಚ್ಚು ಹೇಳಿದರೆ ಸುಳ್ಳಾಗ್ತದೆ.

ಅಪ್ಪೆಮಿಡಿ
ಅರಣ್ಯ ಹೆಚ್ಚಾಗಿದೆ ಅಂತ ಸರ್ಕಾರಿ ವರದಿ ಬರ್ತದಲ್ಲ, ಅದು ಹೇಗೆ?

ಗಿರ್ತಿ ಟೇಪು
ಉಪಗ್ರಹದ ಚಿತ್ರದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಮರದ ನೆರಳಿದ್ದರೆ ಅರಣ್ಯ ಹೊದಿಕೆ ಅಂತ ಎಣಿಸ್ತಾರೆ. ಜಾಗ ಯಾರದ್ದು, ಮರ ಯಾವುದು ಅನ್ನೋದು ಬೇಕಿಲ್ಲ. ತೆಂಗಿನ ತೋಟ, ರಬ್ಬರ್, ಅಕೇಶಿಯಾ ಎಲ್ಲವೂ ಬರ್ತದೆ. ಕತ್ತಲೆಕಾನು (ಬಿಸಿಲು ಒಳಬಾರದ ದಟ್ಟ ಕಾಡು) ಹೋಗಿ ಅಷ್ಟೇ ಜಾಗದಲ್ಲಿ ಅಕೇಶಿಯಾ ಬಂದರೆ ಈ ಲೆಕ್ಕದಲ್ಲಿ ಕಾಡು ಒಂದಿಂಚೂ ಕಮ್ಮಿಯಾಗಿಲ್ಲ.

ಹಳೆ ಕೊಡಲಿ (ಶಿರಸಿ)
ಸಿದ್ದಾಪುರದ ಕತ್ತಲೆಕಾನಿಗೆ ಹೋಗಿ ಬನ್ನಿ ತಮಾ, ಎಲ್ಲರೂ ಹೋಗಿ. ರಾಮಪತ್ರೆ ಜಡ್ಡಿ (ಕಾಡುಜಾಯಿಕಾಯಿ ಮರಗಳ ಜೌಗು) ನೋಡಿ. ಬೇರು ಮಂಡಿ ಮಡಚಿದ ಹಾಗೆ ಕೆಸರಿಂದ ಮೇಲೆದ್ದು ಮತ್ತೆ ಒಳಗೆ ಹೋಗಿರ್ತದೆ. ಕಾಲಿಟ್ಟರೆ ಬಿರು ಬೇಸಿಗೆಯಲ್ಲೂ ತಣ್ಣನೆ ನೀರು. ಅಂಥದ್ದನ್ನ ಯಾರ ಕೈಯಲ್ಲೂ ನೆಡಲಿಕ್ಕೆ ಆಗೋದಿಲ್ಲ.

ಬ್ಯಾಣದಮನೆ
ನಿನ್ನೆ ಸಂಜೆ ಕೇರಿಯವರೆಲ್ಲ ನಮ್ಮ ಜಗುಲಿಯಲ್ಲಿ ಕೂತಿದ್ದೆವು. ನಾನು ಸಹಿ ಮಾಡ್ತಿಲ್ಲ. ಸಹಿ ಮಾಡಿದ ಇಬ್ಬರೂ ಪತ್ರ ಹಿಡಿದು ಸೋಮವಾರ ವಕೀಲರ ಹತ್ತಿರ ಹೋಗ್ತಿದ್ದಾರೆ, ಜೊತೆಗೆ ನಾನೂ ಹೋಗ್ತೇನೆ.

ಬ್ಯಾಣವನ್ನ ಹಾಗೇ ಬಿಡೋದಿಲ್ಲ. ಮೇಲಿನ ಎರಡು ಎಕರೆಗೆ ಬೇಲಿ ಹಾಕಿ, ಬೆಂಕಿ ಗೆರೆ ತೆಗೆದು, ತಾನಾಗೇ ಏಳೋ ಮತ್ತಿ, ನೇರಳೆ, ಕವಳಿಗೆ ಬಿಟ್ಟುಬಿಡ್ತೇವೆ. ನಡುವೆ ಮುರುಗಲು, ಉಪ್ಪಾಗೆ, ಹಲಸು ಸೇರಿಸ್ತೇವೆ, ಕೈಗೂ ಏನಾದರೂ ಬರಬೇಕಲ್ಲ. ಕೆಳಗಿನ ಒಂದು ಎಕರೆ ಹುಲ್ಲಾಗೇ ಇರಲಿ ಅಂತ ಅಪ್ಪಯ್ಯ ಹಟ ಹಿಡಿದರು, ಹಾಗೇ ಆಗಲಿ ಅಂದೆ. ಅಬ್ಬಿಯ ಬುಡದಲ್ಲಿ ಸದಾ ಒದ್ದೆ ಇರೋ ಐದಾರು ಗುಂಟೆ ಇದೆ. ಅಲ್ಲಿಗೆ ರಾಮಪತ್ರೆ ಹಾಕೋ ಆಸೆ. ಬೀಜ ಎಲ್ಲಿ ಸಿಗ್ತದೆ?

ಬೆಂಗಳೂರು-ಸೋಂದಾ
ಬೇಲಿ ಖರ್ಚಿಗೆ ನನ್ನದೂ ಒಂದು ಪಾಲು ಇರಲಿ. ವಾದ ಮಾಡಿದ್ದು ಬೇರೆ, ಇದು ಬೇರೆ.

ಹೊಳೆಮತ್ತಿ
ರಾಮಪತ್ರೆ ಬೀಜವನ್ನ ಒಣಗಿಸಿ ಇಡೋ ಹಾಗಿಲ್ಲ, ಒಣಗಿದರೆ ಮೊಳೆಯೋದಿಲ್ಲ. ಮಳೆ ಶುರುವಾದಾಗ ಹಣ್ಣು ಬೀಳ್ತದೆ. ಬಿದ್ದ ಎರಡು ಮೂರು ದಿನದಲ್ಲಿ ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ನೆರಳಲ್ಲಿ ಮಣ್ಣು ತುಂಬಿದ ಕೊಟ್ಟೆಗೆ (ಚೀಲಕ್ಕೆ) ಹಾಕಬೇಕು. ನಮ್ಮ ತೋಟದ ತಲೆಯಲ್ಲಿ ನಾಲ್ಕು ಮರ ಇದೆ. ಪತ್ರೆ (ಬೀಜದ ಮೇಲಿನ ಹೊದಿಕೆ) ನಾವು ತೆಗೆದುಕೊಳ್ತೇವೆ, ಬೀಜ ನಿಮಗೆ. ಜೂನ್ ಕೊನೆಗೆ ಒಂದು ಗೋಣಿಚೀಲ ಹಿಡಿದು ಬನ್ನಿ.

ಹಾಡಿ ಮೂಲೆ
ನನಗೂ ಹತ್ತು ಬೀಜ ಇರಲಿ.